ಹಳೇ ಹೆದ್ದಾರಿಗೆ ಹೊಸ ನಂಬರ್ ಹುಡುಕುವುದು ಹೇಗೆ?

ಹಾಸನ ಕಡೆಯ ಹಳೇ ಕ್ರಯಪತ್ರದ ಚಕ್ಕುಬಂದಿಯಲ್ಲಿ (ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ‘ಉತ್ತರಕ್ಕೆ ಎನ್‌ಎಚ್ 48’ ಎಂದಿರುತ್ತದೆ. ಪತ್ರಿಕೆಯಲ್ಲಿ ಬಂದ ಭೂಸ್ವಾಧೀನ ಪ್ರಕಟಣೆಯಲ್ಲಿ 75. ‘ಇದು ನಮ್ಮ ರಸ್ತೆಯಲ್ಲ’ ಎಂದು ಸುಮ್ಮನಿದ್ದವರಿಗೆ ಆಕ್ಷೇಪಣೆ ಸಲ್ಲಿಸಲು ಇರುವ 21 ದಿನ ಕೈತಪ್ಪುತ್ತದೆ. ರಸ್ತೆ ಅದೇ, ನಂಬರ್ ಮಾತ್ರ ಬೇರೆ: 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ (ಎನ್‌ಎಚ್) ಹೊಸ ನಂಬರ್ ಕೊಟ್ಟರು. ಈಗಿನ 48 ಎಂದರೆ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ಮೇಲೆ ಹೋಗುವ ಹಳೇ ಎನ್‌ಎಚ್ 4.

1. ಮೈಲಿಗಲ್ಲಿನ ತಲೆಯ ಬಣ್ಣ ನೋಡಿ. ಹಳದಿ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ. ‘ಹದಿನೇಳು’ ಎಂದಷ್ಟೇ ಹೇಳಿದರೆ ಸಾಲದು: ಕರಾವಳಿಯ ಎನ್‌ಎಚ್ 17 ಈಗ 66, ಬೆಂಗಳೂರು–ಮೈಸೂರಿನ ರಾಜ್ಯ ಹೆದ್ದಾರಿ 17 ಈಗ ಎನ್‌ಎಚ್ 275.

2. ಕಾಗದದ ತಾರೀಖು ನೋಡಿ. ಮರುಸಂಖ್ಯೆಯ ಅಧಿಸೂಚನೆ ಬಂದದ್ದು 2010ರ ಮಾರ್ಚ್ 5ರಂದು. ಅದಾದ ಮೇಲೂ ಟೆಂಡರ್‌ಗಳಲ್ಲಿ, ಕಾಮಗಾರಿ ಫಲಕಗಳಲ್ಲಿ ಹಳೇ ನಂಬರ್ ಉಳಿದಿದೆ. ಹಾಗಾಗಿ ತಾರೀಖು ಸುಳಿವಷ್ಟೇ.

3. ನಂಬರ್ ಪಕ್ಕಕ್ಕಿಟ್ಟು ಊರುಗಳನ್ನು ಬರೆದುಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ. ‘ಹಳೆಯದು ಇಷ್ಟು, ಹೊಸದು ಇಷ್ಟು’ ಎಂಬ ಎರಡು ಸಾಲಿನ ಪಟ್ಟಿ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ಅದನ್ನು ಅಳಿಸಿಬಿಡಿ. ಹಳೇ ಹೆದ್ದಾರಿಗಳು ಇಡಿಯಾಗಿ ಹೆಸರು ಬದಲಿಸಲಿಲ್ಲ, ತುಂಡಾದವು. ಸೊಲ್ಲಾಪುರ–ಮಂಗಳೂರು ಎನ್‌ಎಚ್ 13 ನಾಲ್ಕು ಪಾಲಾಗಿದೆ: ವಿಜಯಪುರದವರೆಗೆ 52, ಅಲ್ಲಿಂದ ಚಿತ್ರದುರ್ಗಕ್ಕೆ 50, ಶಿವಮೊಗ್ಗಕ್ಕೆ 369, ಮಂಗಳೂರಿಗೆ 169.

ಅರಸೀಕೆರೆ–ಕಡೂರು ನಡುವಿನ ಬಾಣಾವರದ್ದು ಇನ್ನೂ ತೊಡಕು, ಎರಡು ಹಳೇ ಹೆದ್ದಾರಿಗಳು ಕೂಡುತ್ತಿದ್ದುದು ಅಲ್ಲಿ. ಹಾಳೆಯ ನಡುವೆ ಆ ಊರು ಬರೆದು ನಾಲ್ಕು ಕಡೆಗೆ ಗೆರೆ ಎಳೆಯಿರಿ. ಹಳೇ 206 ತುಮಕೂರಿನಿಂದ ತಿಪಟೂರು, ಅರಸೀಕೆರೆ ಮೇಲೆ ಇಲ್ಲಿಗೆ ಬಂದು ಕಡೂರು, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರ ಸೇರುತ್ತಿತ್ತು. ಹಳೇ 234 ಮಂಗಳೂರು ಬಿಟ್ಟು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಬೇಲೂರು ಮೇಲೆ ಇಲ್ಲಿಗೆ ಬಂದು ಹುಳಿಯಾರು, ಶಿರಾ, ಮಧುಗಿರಿಯತ್ತ ಹೋಗುತ್ತಿತ್ತು. 2010ರಲ್ಲಿ ಎರಡನ್ನೂ ಇಲ್ಲಿ ಕತ್ತರಿಸಿ ಅದಲುಬದಲಾಗಿ ಹೊಲಿದರು. ಮಂಗಳೂರಿನ ತುಂಡಿಗೆ ತುಮಕೂರಿನ ತುಂಡು ಸೇರಿ 73 ಆಯಿತು, ಹೊನ್ನಾವರದ ತುಂಡಿಗೆ ಶಿರಾ ತುಂಡು ಸೇರಿ 69 ಆಯಿತು. ‘206 ಅಂದರೆ 69’ ಎಂದು ಬಾಯಿಪಾಠ ಮಾಡಿದವರ ಲೆಕ್ಕ ತಿಪಟೂರಿನಲ್ಲಿ ಕೈಕೊಡುವುದು ಇದಕ್ಕೇ.

4. ಸಮ–ಬೆಸ ತಾಳೆ ನೋಡಿ. ಸಮ ಸಂಖ್ಯೆ ಉತ್ತರ–ದಕ್ಷಿಣದ ರಸ್ತೆ, ಪಶ್ಚಿಮಕ್ಕೆ ಹೋದಂತೆ ಏರುತ್ತದೆ: ಬಾಗೇಪಲ್ಲಿ 44, ತುಮಕೂರು 48, ಹೊಸಪೇಟೆ 50, ವಿಜಯಪುರ 52, ಕಾರವಾರ 66. ಬೆಸ ಸಂಖ್ಯೆ ಪೂರ್ವ–ಪಶ್ಚಿಮದ್ದು, ದಕ್ಷಿಣಕ್ಕಿಳಿದಂತೆ ಏರುತ್ತದೆ: ಹುಮನಾಬಾದ್ 65, ಗದಗ 67, ಸಾಗರ 69, ತಿಪಟೂರು 73, ಹಾಸನ 75. ಮೂರಂಕಿಯಾದರೆ ಮೊದಲ ಅಂಕಿಯನ್ನು ಮುಚ್ಚಿ ಓದಿ, ತಾಯಿ ಹೆದ್ದಾರಿ ಸಿಗುತ್ತದೆ. 169, 369 ಎರಡೂ ಶಿವಮೊಗ್ಗದಲ್ಲಿ 69ರಿಂದ ಕವಲೊಡೆದವು.

5. ಕೊನೆಗೆ ಗೆಜೆಟ್ (ಸರ್ಕಾರದ ರಾಜ್ಯಪತ್ರ) ನೋಡಿ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ನಂಬರಿನ ಮುಂದೆ ರಸ್ತೆ ಎಲ್ಲಿ ಶುರು, ಯಾವ ಊರುಗಳ ಮೇಲೆ ಹೋಗುತ್ತದೆ, ಯಾವ ಜಂಕ್ಷನ್‌ನಲ್ಲಿ ಮುಗಿಯುತ್ತದೆ ಎಂಬ ಒಂದು ಉದ್ದದ ವಾಕ್ಯವಿದೆ. ನಂತರದ ತಿದ್ದುಪಡಿಗಳನ್ನೂ ಓದಬೇಕು. ಬೈಪಾಸ್ ಆದಮೇಲೆ ಊರೊಳಗಿನ ಹಳೇ ರಸ್ತೆ ಹೆದ್ದಾರಿಯ ಲೆಕ್ಕದಿಂದ ಬಿಟ್ಟುಹೋಗಿರಬಹುದು. ಬಸ್ ಸ್ಟ್ಯಾಂಡಿನ ಅಗ್ಗದ ನಕ್ಷೆಗೆ ದುಡ್ಡು ಹಾಕಬೇಡಿ. ಫೋನಿನ ನಕ್ಷೆ ದಾರಿ ತೋರಿಸಲು ಸರಿ, ದಾಖಲೆಗೆ ಆಗದು.

ನೋಟಿಸಿನ ಕಿ.ಮೀ. ಅಂಕಿಯನ್ನು ಹಳೇ ಮೈಲಿಗಲ್ಲಿನ ಜತೆ ಹೋಲಿಸಲೇಬೇಡಿ. ಹಳೇ 206ರ ಸೊನ್ನೆ ತುಮಕೂರಿನಲ್ಲಿತ್ತು. ಗೆಜೆಟ್‌ನಲ್ಲಿ 69 ಶುರುವಾಗುವುದು ಹೊನ್ನಾವರದಿಂದ. ಹೋಲಿಸಬೇಕಾದದ್ದು ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಉಪಭಾಗ). ಜಮೀನು ಇತ್ತೀಚೆಗೆ ಪೋಡಿಯಾಗಿದ್ದರೆ (ಅಳತೆ ಮಾಡಿ ಭಾಗವಾಗಿದ್ದರೆ) ನೋಟಿಸ್ ಹಳೇ ಹಿಸ್ಸಾ ನಂಬರಿನಲ್ಲೇ ಬಂದಿರಬಹುದು, ಅದನ್ನೂ ಹುಡುಕಿ.