ಕಾಯಿ ಎಲ್ಲಪ್ಪಾ?

ನನ್ನ ಫೋಟೊ ಹುಚ್ಚಿಗೆ ಮೊದಲ ಸರಿಯಾದ ವಿಮರ್ಶೆ ಸಿಕ್ಕಿದ್ದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಕೊಟ್ಟವರು ಚಿಂತಾಮಣಿ ಕಡೆಯಿಂದ ಕಾಯಿ ತಂದು ಗುಡ್ಡೆ ಹಾಕಿಕೊಂಡು ಕೂತಿದ್ದ ಒಬ್ಬ ಅಮ್ಮ.

ಹಿಂದಿನ ವರ್ಷ ಅವರ ಫೋಟೊ ತೆಗೆದಿದ್ದೆ. ಹೊಸದಾಗಿ 50 ಎಂಎಂ ಲೆನ್ಸ್ ಕೊಂಡಿದ್ದ ಕಾಲ. ಲೆನ್ಸಿನ ಕಿಂಡಿಯನ್ನು ಪೂರ್ತಿ ಅಗಲಕ್ಕೆ, ಅಂದರೆ ಎಫ್ 1.8ಕ್ಕೆ, ತೆರೆದರೆ ಹಿಂದುಮುಂದಿನದೆಲ್ಲ ಬೆಣ್ಣೆಯಂತೆ ಕರಗುತ್ತದಲ್ಲ, ಆ ಅಮಲಿನಲ್ಲಿ ಕಂಡದ್ದನ್ನೆಲ್ಲ 1.8ರಲ್ಲೇ ತೆಗೆಯುತ್ತಿದ್ದೆ. ಸೇರಿನಲ್ಲಿ ಕಾಯಿ ಅಳೆಯುತ್ತಿದ್ದ ಅಮ್ಮ, ಯಾರೋ ಚೌಕಾಸಿ ಮಾಡಿದ್ದಕ್ಕೆ ಹುಬ್ಬು ಗಂಟಿಕ್ಕಿದ್ದರು. ಮುಖದ ಗೆರೆಗೆರೆಯೂ ಬಂದಿತ್ತು. ಮನೆಯವರಿಗೆಲ್ಲ ತೋರಿಸಿ ಬೀಗಿದೆ. ಮುಂದಿನ ಕಾರ್ತೀಕದ ಕಡೇ ಸೋಮವಾರ ಪ್ರಿಂಟ್ ಹಾಕಿಸಿಕೊಂಡು ಹುಡುಕುತ್ತ ಹೋದೆ. ಪುಣ್ಯಕ್ಕೆ ಅದೇ ಜಾಗದಲ್ಲಿದ್ದರು.

ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಕಾಯಿ ಎಲ್ಲಪ್ಪಾ?"

"ಇಲ್ಲೇ ಇದೆಯಲ್ಲಮ್ಮಾ, ಕೆಳಗೆ" ಎಂದು ಕಂದು ಮಸುಕಿನ ಮೇಲೆ ಬೆರಳಿಟ್ಟೆ.

"ಇದಾ? ಮಣ್ಣು ಗುಡ್ಡೆ ಇದ್ದಂಗದೆ. ಕಾಲೂ ಕಾಣಲ್ಲ. ಮೊದ್ಲೇ ಹೇಳಿದ್ರೆ ಸೆರಗಾದ್ರೂ ಸರಿ ಮಾಡ್ಕೊಂತಿದ್ದೆ."

ವರ್ಷವಿಡೀ ಬೆಳೆದು, ಲಾರಿಗೆ ಹೇರಿ ತಂದ ಮಾಲನ್ನೇ ನಾನು ಅಳಿಸಿಹಾಕಿದ್ದೆ!

ಅವತ್ತೇ ಇನ್ನೊಂದು ತೆಗೆದೆ. ಈ ಸಲ ಅವರು ಹೇಳಿದ ಹಾಗೆ. ಮುಂಗುರುಳು ಒತ್ತಿಕೊಂಡರು, ಹಿಂದೆ ಮೂಟೆ ಬಿಚ್ಚುತ್ತಿದ್ದ ಯಜಮಾನರನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು, ಸೇರನ್ನು ರಾಶಿಯ ನೆತ್ತಿಗಿಟ್ಟರು. ಇಬ್ಬರ ಕೈಯೂ ಮಂಡಿಯ ಮೇಲೆ. ನಗು ಇಲ್ಲ. ಕಿಂಡಿ ಕಿರಿದು ಮಾಡಿ ಎಫ್ 8ರಲ್ಲಿ ತೆಗೆದೆ, ಒಂದೊಂದು ಕಾಯಿಯೂ ಎಣಿಸುವಂತೆ ಬಂತು. ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಆಗ್ಫಾ ಕ್ಲಿಕ್ 3ರಲ್ಲಿ ರೋಲಿಗೆ ಹನ್ನೆರಡೇ ಫೋಟೊ. ಆ ಹಳೇ ಆಲ್ಬಮ್ಮಿನಲ್ಲಿ ನಮ್ಮ ನೆಂಟರೆಲ್ಲ ಹೀಗೇ ಕಂಬದ ಹಾಗೆ ನಿಂತಿರುವುದನ್ನು ನೋಡಿ ನಗುತ್ತಿದ್ದೆ. ಹಾಗೆ ನಿಲ್ಲುವ ಮುಂಚೆ ಅವರೆಲ್ಲ ತಲೆ ಬಾಚಿಕೊಂಡು ಬಂದಿದ್ದರೆಂಬುದು ಹೊಳೆದೇ ಇರಲಿಲ್ಲ.

ಆಮೇಲಿಂದ ಎಲ್ಲೇ ಹೋದರೂ ಎರಡು ತೆಗೆಯುತ್ತೇನೆ: ಒಂದು ನನಗೆ, ಒಂದು ಅವರಿಗೆ. ಅವರದನ್ನು ತೆಗೆಯುವುದೇ ಕಷ್ಟ. ತಲೆಯಿಂದ ಕಾಲಿನವರೆಗೆ ಹಿಡಿಯಲು 50 ಎಂಎಂ ಹಿಡಿದು ಹಿಂದೆ ಸರಿದರೆ ಪರಿಷೆಯ ಜನ ತುಳಿದುಕೊಂಡೇ ಹೋಗುತ್ತಾರೆ. ಹಾಗಾಗಿ ಕ್ಯಾಮೆರಾ ಜೊತೆಗೇ ಬಂದು ಮೂಲೆ ಸೇರಿದ್ದ, ಹತ್ತಿರದಿಂದಲೇ ಅಗಲಕ್ಕೆ ಹಿಡಿಯುವ 18-55ರ ಕಿಟ್ ಲೆನ್ಸ್‌ಗೆ ಮತ್ತೆ ಯೋಗ ಬಂತು. ನೀಲಿ ಟಾರ್ಪಾಲಿನ ಕೆಳಗೆ ಮುಖವೆಲ್ಲ ಕೃಷ್ಣನ ಬಣ್ಣವಾಗುತ್ತದೆ. ಕಂಪ್ಯೂಟರಿನಲ್ಲಿ ತಿದ್ದುತ್ತ ಕೂರುವುದಕ್ಕಿಂತ "ಒಂದು ಮಾರು ಈಚೆ ಬನ್ನಿ" ಅನ್ನುವುದು ಸುಲಭ. ಹಿಂದೆ ಬಿಸಿಲಿನ ರಸ್ತೆಯಿದ್ದರೆ ಮುಖ ಕಪ್ಪಾಗುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕನ್ನು ಎರಡರಷ್ಟು, ಏರಿಸಬೇಕು. ಸಂಜೆಯ ಬಲ್ಬುಗಳದು ಬೇರೆ ಕಾಟ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಶಟರನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಡದೆ ಜೋರು ಮಾಡಿದರೆ ಫೋಟೊ ತುಂಬ ಅಡ್ಡ ಪಟ್ಟೆ ಬೀಳಬಹುದು. ಇದು ತಿಳಿಯಲು ನನಗೆ ಒಂದು ಇಡೀ ಪರಿಷೆ ವ್ಯರ್ಥವಾಯಿತು. ಮಬ್ಬು ಬೆಳಕಿಗೆಂದು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೇರಿಸಿ ಕಾಳುಕಾಳಾಗಿ ಬಂದ ಫೋಟೊವನ್ನು ಇದುವರೆಗೆ ಯಾವ ವ್ಯಾಪಾರಿಯೂ ಬೈದಿಲ್ಲ.

ಅಂಗಡಿಯ ಎದುರು ನಿಲ್ಲುವುದಿಲ್ಲ, ಗಿರಾಕಿ ತಪ್ಪುತ್ತಾರೆ, ಪಕ್ಕದಿಂದಲೇ. ಮಕ್ಕಳದಾದರೆ ಮೊದಲು ತಾಯಿಯನ್ನು ಕೇಳಬೇಕು. ಒಮ್ಮೆ ಬತ್ತಾಸು ಮಾರುವ ಹುಡುಗನೊಬ್ಬ, ನಾನು ಕ್ಲಿಕ್ಕಿಸಿದ ಮೇಲೆ, ಬೇಡ ಅಂದ. ಅವನ ಕಣ್ಣೆದುರೇ ಅಳಿಸಿದೆ. ಒಳ್ಳೇ ಫೋಟೊ, ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಸಮಸ್ಯೆ ಏನೆಂದರೆ, ಅಮ್ಮನಿಗೆ ಎರಡನೇ ಪ್ರಿಂಟ್ ಕೊಟ್ಟ ದಿನ ಪಕ್ಕದವರು "ನಮ್ದು?" ಅಂದರು. ಅವರ ಪಕ್ಕದವರೂ. ಹೆಸರು, ವಿಳಾಸ ಕೇಳುವುದು ನನಗೆ ಸಂಕೋಚ. ಈ ಸಲದ ಪರಿಷೆಗೆ ಹನ್ನೊಂದು ಲಕೋಟೆ ತಯಾರಾಗಿವೆ. ಒಂದರ ಮೇಲೆ "ಕೆಂಪು ಟಾರ್ಪಾಲು, ಬೇಯಿಸಿದ ಕಾಯಿ" ಎಂದಿದೆ, ಇನ್ನೊಂದರ ಮೇಲೆ "ಹುಣಸೆ ಮೀಸೆ ತಾತ". ಅದು ಹುರಿ ಮೀಸೆಯಾಗಬೇಕಿತ್ತು. ಗಡಿಬಿಡಿಯಲ್ಲಿ ಬರೆದದ್ದು, ಹಾಗೇ ಬಿಟ್ಟಿದ್ದೇನೆ.