ಬಾಯ್ಸ್ಟರಸ್ ಪದದ ಬೆನ್ನು ಹತ್ತಿ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಜಾಸ್ತಿ ಮಕ್ಕಳ ಪುಸ್ತಕಗಳು, ನಡುನಡುವೆ ಹಳೇ ಸಾಹಿತ್ಯ. ಎರಡರಲ್ಲೂ ಪದೇ ಪದೇ ಎದುರಾಗುವ ಪದ ಬಾಯ್ಸ್ಟರಸ್ (boisterous). ಮಕ್ಕಳ ಪುಸ್ತಕದಲ್ಲಿ ಮೈಮೇಲೆ ಹಾರಿಬೀಳುವ ನಾಯಿಮರಿ ಬಾಯ್ಸ್ಟರಸ್, ಹಳೇ ಪುಸ್ತಕದಲ್ಲಿ ಬಿರುಗಾಳಿ ಬಾಯ್ಸ್ಟರಸ್. ನಿಘಂಟು ತೆಗೆದರೆ ಗದ್ದಲದ, ಅಬ್ಬರದ, ಒರಟಾದ, ಬಿರುಸಾದ ಅಂತ ಅರ್ಥಗಳ ಸಾಲು. ಯಾವುದನ್ನು ಎಲ್ಲಿ ಹಾಕಬೇಕು ಅನ್ನೋದು ನಮ್ಮ ತಲೆನೋವು.

ಇಂಥ ಪದ ಸಿಕ್ಕಾಗ ನಾನು ಅದರ ಹಳೇ ಬಳಕೆಗಳನ್ನು ಇಸವಿ ಪ್ರಕಾರ ಜೋಡಿಸಿಕೊಳ್ಳುತ್ತೇನೆ. ಪ್ರತಿ ಸಲ ಅದು ಯಾವ ನಾಮಪದದ ಪಕ್ಕ ಕೂತಿದೆ ಅಂತ ಬರೆದಿಡುತ್ತೇನೆ. ವಿಧಾನ ಅಂದರೆ ಅಷ್ಟೇ. ಅರ್ಥ ಏನು ಅಂತ ಆಮೇಲೆ ನೋಡಿದರಾಯ್ತು, ಮೊದಲು ನೆರೆಹೊರೆಯವರು ಯಾರು ಅಂತ ತಿಳಿಯಬೇಕು.

ಮೊದಲ ತೊಡಕು ಕಾಗುಣಿತ. ಈಗಿನ ರೂಪ ಹಾಕಿ ಹುಡುಕಿದರೆ 14ನೇ ಶತಮಾನದ್ದು ಏನೂ ಸಿಗುವುದಿಲ್ಲ, ಯಾಕೆಂದರೆ ಆಗ ಅದು ಬಾಯ್ಸ್ಟಸ್ (boistous) ಆಗಿತ್ತು. ನಡುವಿನ 'ಅರ್' ಆಮೇಲೆ ಬಂದು ಸೇರಿಕೊಂಡದ್ದು. ಅದನ್ನೂ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಿದ್ದರು. ಇಲ್ಲಿ ಕೈಹಿಡಿಯುವುದು ಮಿಶಿಗನ್ ವಿಶ್ವವಿದ್ಯಾಲಯದ ಮಧ್ಯಕಾಲೀನ ಇಂಗ್ಲಿಷ್ ನಿಘಂಟು. 1952ರಿಂದ 2001ರವರೆಗೆ ಕಂತುಕಂತಾಗಿ ಅಚ್ಚಾದದ್ದು, ಈಗ ಇಂಟರ್ನೆಟ್‌ನಲ್ಲಿ ಪುಕ್ಕಟೆ. ಎಲ್ಲ ಕಾಗುಣಿತಗಳನ್ನೂ ಒಂದೇ ಕಡೆ ಕೊಟ್ಟಿರುತ್ತಾರೆ, ಕೆಳಗೆ ಉದಾಹರಣೆ ವಾಕ್ಯಗಳು ಇಸವಿ ಸಮೇತ.

ಅಲ್ಲಿ ನೋಡಿದರೆ ಗಾಳಿ, ಗದ್ದಲ ಎಲ್ಲ ಆಮೇಲಿನ ಮಾತು. ವಿಕ್ಲಿಫ್ ಹೆಸರಿನಲ್ಲಿ ಪ್ರಸಿದ್ಧವಾದ 14ನೇ ಶತಮಾನದ ಬೈಬಲ್ ಅನುವಾದದಲ್ಲಿ, ಮತ್ತಾಯನ ಸುವಾರ್ತೆಯ 9ನೇ ಅಧ್ಯಾಯದಲ್ಲಿ, ಈ ಪದ ಬಟ್ಟೆಯ ಪಕ್ಕ ಕೂತಿದೆ. ಹಳೇ ಉಡುಪಿಗೆ ಯಾರೂ ಒರಟು ಬಟ್ಟೆಯ ತೇಪೆ ಹಾಕುವುದಿಲ್ಲ ಅನ್ನುವ ಮಾತು ಅದು. ಅವರ ಮುಂದಿದ್ದ ಲ್ಯಾಟಿನ್ ಪದ ರೂಡಿಸ್, ಅಂದರೆ ಇನ್ನೂ ಹದಕ್ಕೆ ಬಾರದ್ದು. ನಮ್ಮ ಕೋರಾ ಬಟ್ಟೆ ಅನ್ನಿ. ನೀರಿಗೆ ಬಿದ್ದ ಮೇಲೆ ಅದು ಕುಗ್ಗುತ್ತದೆ, ಹಳೇ ಬಟ್ಟೆಯನ್ನು ಎಳೆದು ಇನ್ನಷ್ಟು ಹರಿಯುತ್ತದೆ. ಈ ಬಾಯ್ಸ್ಟರಸ್‌ನಲ್ಲಿ ಸದ್ದೇ ಇಲ್ಲ, ನೋಡಿ.

ಅದೇ ಕಾಲದ ಕವಿ ಚಾಸರ್ ಇದನ್ನು ಮನುಷ್ಯನಿಗೆ ಅಂಟಿಸುತ್ತಾನೆ. ಅವನ ಮ್ಯಾನ್ಸಿಪಲ್ (ವಕೀಲರ ವಸತಿಗೆ ಊಟದ ಸಾಮಾನು ಕೊಂಡು ತರುವವನು) ಹೇಳುವ ಕಥೆಯ ಮಧ್ಯೆ, ದಾರಿ ತಪ್ಪಿದ ದೊಡ್ಡಮನೆಯ ಹೆಂಗಸಿಗೂ ಬಡವರ ಮನೆಯ ಹೆಂಗಸಿಗೂ ಕರೆಯುವ ಹೆಸರಲ್ಲಿ ಬಿಟ್ಟರೆ ಬೇರೆ ವ್ಯತ್ಯಾಸ ಇಲ್ಲ ಅನ್ನುವ ಮಾತು ಬರುತ್ತದೆ. ಅಲ್ಲೇ ಆ ಮ್ಯಾನ್ಸಿಪಲ್ ತನ್ನನ್ನು ಬಾಯ್ಸ್ಟಸ್ ಮನುಷ್ಯ ಅಂತ ಕರೆದುಕೊಳ್ಳುತ್ತಾನೆ. ಅಬ್ಬರದವನು ಅಂತಲ್ಲ. ನಯನಾಜೂಕು ಗೊತ್ತಿಲ್ಲದವನು, ಇದ್ದದ್ದನ್ನು ಇದ್ದಹಾಗೆ ಹೇಳುವ ಒರಟ.

ಇದೆಲ್ಲಿಂದ ಬಂತು? ಬಾಯ್ಸ್ ಅಂದರೆ ಹುಡುಗರು, ಅದರಿಂದ ಬಂದಿರಬೇಕು ಅಂತ ಕೆಲವರು ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಸಂಬಂಧವೇ ಇಲ್ಲ. ಹಳೇ ಫ್ರೆಂಚಿನಲ್ಲಿ ಇದನ್ನೇ ಹೋಲುವ ಪದವೊಂದಿದೆ, ಕುಂಟ ಅನ್ನುವ ಅರ್ಥದ್ದು. ಇವತ್ತಿಗೂ ಫ್ರೆಂಚರು ಕುಂಟನಿಗೆ ಬ್ವಾತೂ ಅನ್ನುತ್ತಾರೆ. ಕುಂಟಿನಿಂದ ಒರಟಿಗೆ ಅರ್ಥ ಹೇಗೆ ಹೊರಳಿತು ಅನ್ನುವುದರಲ್ಲಿ ಪಂಡಿತರಿಗೆ ಒಮ್ಮತ ಇಲ್ಲ. ಅನುವಾದಕ್ಕೆ ಕೂತಾಗ ನಾನು ಈ ಮೂಲದ ಜಗಳಕ್ಕೆ ಹೋಗುವುದಿಲ್ಲ. ಅದರಿಂದ ವಾಕ್ಯಕ್ಕೆ ಮೂರು ಕಾಸಿನ ಉಪಯೋಗ ಇಲ್ಲ.

16ನೇ ಶತಮಾನದ ಕೊನೆಗೆ ಬಂದರೆ ನೆರೆಹೊರೆ ಬದಲಾಗಿರುತ್ತದೆ. 1590ರಲ್ಲಿ ಕವಿ ಸ್ಪೆನ್ಸರ್ ಒಬ್ಬ ರಾಕ್ಷಸನ ಗದೆಗೆ ಈ ಪದ ಹಾಕಿದ. ಬೀಸಿದ ರಭಸಕ್ಕೆ ಅದು ನೆಲದಲ್ಲಿ ಹೂತುಹೋಗಿ ಸುಲಭಕ್ಕೆ ಮೇಲೆ ಬರುವುದಿಲ್ಲ. ಭಾರ, ಒರಟು, ಬಿರುಸು ಮೂರೂ ಅಲ್ಲಿವೆ. ಷೇಕ್ಸ್‌ಪಿಯರನ ಕಿಂಗ್ ಜಾನ್ ನಾಟಕದಲ್ಲಂತೂ ಆರ್ಥರ್ ಅನ್ನುವ ಹುಡುಗನ ಕಣ್ಣಿಗೆ ಕಾದ ಕಬ್ಬಿಣ ಇಡಲು ಹ್ಯೂಬರ್ಟ್ ಬಂದಿದ್ದಾನೆ. ಕಟ್ಟಿಹಾಕಲು ಹೊರಟಾಗ ಹುಡುಗ ಬೇಡಿಕೊಳ್ಳುವ ಮಾತಿನಲ್ಲಿ ಬಾಯ್ಸ್ಟರಸ್ ಮತ್ತು ರಫ್ ಎರಡೂ ಜೋಡಿಯಾಗಿ ಬರುತ್ತವೆ. ಇಲ್ಲಿ 'ಯಾಕಿಷ್ಟು ಅಬ್ಬರ' ಅಂದರೆ ಕೆಟ್ಟಿತು. ಹ್ಯೂಬರ್ಟ್ ಕೂಗಾಡುತ್ತಿಲ್ಲ, ಅವನ ಕೈ ಒರಟು. 'ಯಾಕಿಷ್ಟು ಒರಟಾಗಿ ಹಿಡೀತೀರಿ? ನಾನು ಕೊಸರಾಡಲ್ಲ, ಕಲ್ಲಿನ ಹಾಗೆ ನಿಂತಿರ್ತೀನಿ' ಅಂತ ಮಾಡಿಕೊಂಡೆ. ಹುಡುಗನ ಬಾಯಿಗೆ ಇದು ಒಪ್ಪುತ್ತದೆ.

ಗಾಳಿಯ ಅರ್ಥಕ್ಕೆ ನನಗೆ ತುಂಬ ಇಷ್ಟದ ಸಾಕ್ಷಿ 1611ರ ಕಿಂಗ್ ಜೇಮ್ಸ್ ಬೈಬಲ್. ಮತ್ತೆ ಮತ್ತಾಯನೇ, ಈ ಸಲ 14ನೇ ಅಧ್ಯಾಯ. ಯೇಸುವಿನ ಶಿಷ್ಯ ಪೇತ್ರ ನೀರಿನ ಮೇಲೆ ನಡೆದು ಬರುತ್ತಿದ್ದಾನೆ, ಗಾಳಿಯ ಬಿರುಸು ನೋಡಿ ಹೆದರಿ ಮುಳುಗತೊಡಗುತ್ತಾನೆ. ಆ ಗಾಳಿ ಬಾಯ್ಸ್ಟರಸ್. ಗ್ರೀಕ್ ಮೂಲದಲ್ಲಿ ಇರುವುದು ಬಲವಾದ ಅನ್ನುವ ಸಾದಾ ಪದ. ಅನುವಾದಕರು ಮಾರ್ಜಿನ್‌ನಲ್ಲಿ ಸಣ್ಣ ಅಕ್ಷರದಲ್ಲಿ 'ಅಥವಾ, ಬಲವಾದ' ಅಂತ ಟಿಪ್ಪಣಿಯನ್ನೂ ಹಾಕಿದ್ದಾರೆ. ನಾಲ್ಕು ಶತಮಾನದ ಹಿಂದಿನ ಅನುವಾದಕರು ಎರಡು ಪದದ ನಡುವೆ ತೂಗಾಡಿದ್ದು ಕಣ್ಣಿಗೆ ಕಾಣುತ್ತದಲ್ಲ, ನಮ್ಮ ಕಸುಬಿನವರಿಗೆ ಅದೊಂದು ಸಮಾಧಾನ.

1755ರ ಜಾನ್ಸನ್ ನಿಘಂಟಿನ ಹೊತ್ತಿಗೆ ಬಿರುಗಾಳಿಯ ಅರ್ಥವೇ ಮೊದಲ ಸ್ಥಾನಕ್ಕೆ ಏರಿದೆ. ಸ್ಪೆನ್ಸರನ ಗದೆ ಹಿಂದಕ್ಕೆ ಸರಿದಿದೆ. ಈ ಕಾಲದ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಲ್ಲಿ ಹುಡುಕುವವರಿಗೆ ಒಂದು ಉಪಾಯ. ಆಗ ಪದದ ಒಳಗಿನ 'ಎಸ್' ಅನ್ನು ಉದ್ದುದ್ದ ಅಚ್ಚು ಹಾಕುತ್ತಿದ್ದರು, ಕಂಪ್ಯೂಟರ್ ಅದನ್ನು 'ಎಫ್' ಅಂತ ಓದಿಬಿಡುತ್ತದೆ. ಹಾಗಾಗಿ ಬಾಯ್ಫ್ಟರಸ್ (boifterous) ಅಂತ ಹಾಕಿಯೂ ಹುಡುಕಿ. ನಗು ಬರುತ್ತದೆ, ಆದರೆ ಬೇರೆ ದಾರಿಯಲ್ಲಿ ಸಿಗದ ವಾಕ್ಯಗಳು ಸಿಗುತ್ತವೆ.

ಈಗಿನ ಬಳಕೆ ಸುಲಭ. ಪದದ ಹಲ್ಲು ಉದುರಿದೆ. ಮಕ್ಕಳು, ನಾಯಿಗಳು, ಪಾರ್ಟಿ, ಕ್ರಿಕೆಟ್ ನೋಡುವ ಗುಂಪು. ಗದ್ದಲ ಇದೆ, ಕೆಟ್ಟತನ ಇಲ್ಲ. ಇಲ್ಲಿ ನಾನು ವಿಶೇಷಣದ ಆಸೆಯನ್ನೇ ಬಿಟ್ಟು ಕ್ರಿಯಾಪದಕ್ಕೆ ಹೋಗುತ್ತೇನೆ. 'ಗದ್ದಲದ ನಾಯಿಮರಿ' ಅಂದರೆ ಅದು ಸುಮ್ನೆ ಬೊಗಳುತ್ತಾ ಕೂತ ಹಾಗಾಯ್ತು. 'ಮನೆಯೆಲ್ಲಾ ಎಗರಾಡುವ ನಾಯಿಮರಿ' ಅನ್ನಿ, ಜೀವ ಬರುತ್ತದೆ. ಮಕ್ಕಳಿಗಾದರೆ 'ಮನೆ ಮೇಲೆ ಕೆಳಗೆ ಮಾಡುತ್ತಿದ್ದವು' ಸಾಕು. ಇಂಗ್ಲಿಷ್ ನಿಘಂಟುಗಳು ಪಕ್ಕದಲ್ಲಿ ಕೊಡುವ ರೌಡಿ ಅನ್ನುವ ಪದದ ಹತ್ತಿರ ಮಾತ್ರ ಸುಳಿಯಬೇಡಿ. ಅಮೆರಿಕದಲ್ಲಿ ಹುಟ್ಟಿದ ಆ ಪದ ಅಲ್ಲಿ ಗಲಾಟೆ ಹುಡುಗರಿಗೂ ಸಲ್ಲುತ್ತದೆ. ನಮ್ಮಲ್ಲಿ ರೌಡಿ ಅಂದರೆ ಪೊಲೀಸ್ ಠಾಣೆಯಲ್ಲಿ ಶೀಟ್ ತೆರೆದಿರಬೇಕು.

ಗಾಳಿ, ಕಡಲಿಗೆ ಅಬ್ಬರ ಸರಿಹೋಗುತ್ತದೆ, ಅದರಲ್ಲಿ ಚರ್ಚೆ ಇಲ್ಲ. ನನ್ನನ್ನು ಕಾಡಿದ್ದು ಕವಿ ಮಿಲ್ಟನ್ನನ 1671ರ ಕಾವ್ಯನಾಟಕ. ಕುರುಡನಾಗಿ ಸೆರೆಯಲ್ಲಿರುವ ಬೈಬಲಿನ ಬಲಶಾಲಿ ಸ್ಯಾಮ್ಸನ್‌ನನ್ನು ಹರಾಫ ಎಂಬ ದೈತ್ಯ ಹಂಗಿಸುತ್ತಾನೆ. ನೀನು ಕತ್ತೆಗಳ ಜೊತೆ ಬೀಸುಕಲ್ಲು ತಿರುಗಿಸೋಕೆ ಲಾಯಕ್ಕು, ನಿನ್ನನ್ನು ಬಗ್ಗಿಸೋಕೆ ವೀರನ ಕತ್ತಿ ಬೇಡ, ಕ್ಷೌರದ ಕತ್ತಿ ಸಾಕು ಅಂತ. ಅಲ್ಲಿ ಬಾಯ್ಸ್ಟರಸ್ ಆಗಿರುವುದು ಸ್ಯಾಮ್ಸನ್‌ನ ಕೂದಲು! ಕೂದಲಿಗೆ ಸದ್ದಿಲ್ಲ, ಅದರಲ್ಲಿ ಅವನ ಬಲ ಇದೆ, ದೈತ್ಯನ ಕಣ್ಣಿಗೆ ಅದು ಕಾಡುಕಾಡಾಗಿಯೂ ಇದೆ. ಅಬ್ಬರದ ಕೂದಲು ಅಂದರೆ ಎಣ್ಣೆ ಜಾಹೀರಾತಾಗುತ್ತದೆ. ಚಾಸರನ ಕಾಲದ ಅರ್ಥಕ್ಕೇ ಹಿಂದೆ ಹೋಗಿ 'ಈ ಒರಟು ಜಡೆಗಳು' ಅಂತ ಬರೆದೆ, ಹಂಗಿಸುವವನ ಬಾಯಿಗೆ 'ನಿನ್ನ' ಬೇಕೆನಿಸಿ 'ನಿನ್ನ ಈ ಒರಟು ಜಡೆಗಳು' ಮಾಡಿದೆ.