ಆರ್ಮಾ 3ರಲ್ಲಿ ಯಾವ ಪಡೆಗೂ ಸೇರದ ವೈದ್ಯರನ್ನು ಇಳಿಸಿದ್ದು ಹೀಗೆ

ಸೈನಿಕ ಯುದ್ಧದ ವಿಡಿಯೋ ಗೇಮ್ ಆರ್ಮಾ 3ಕ್ಕೆ 2017ರಲ್ಲಿ ಬಂದ ಲಾಸ್ ಆಫ್ ವಾರ್ ಡಿಎಲ್‌ಸಿಯಲ್ಲಿ (ಹೆಚ್ಚುವರಿ ಭಾಗ) ಐಡ್ಯಾಪ್ ಎಂಬ ಕಾಲ್ಪನಿಕ ನೆರವು ಸಂಸ್ಥೆಯಿದೆ. ಅದರ ಪ್ಯಾರಾಮೆಡಿಕ್, ಆಂಬುಲೆನ್ಸ್ ವ್ಯಾನ್ ಎರಡೂ ಮಿಷನ್ ಕಟ್ಟುವ ಈಡನ್ ಎಡಿಟರ್‌ನ ಸಿವಿಲಿಯನ್ (ನಾಗರಿಕ) ಪಟ್ಟಿಯಲ್ಲೇ ಸಿಗುತ್ತವೆ. 12 ಜನರ ಎದುರು 12 ಜನ ಆಡುವ ಮಿಷನ್‌ಗೆ ಇಂಥ ಇಬ್ಬರು ಪ್ಯಾರಾಮೆಡಿಕ್‌ಗಳನ್ನು ಆಟಗಾರರ ಸ್ಲಾಟ್ ಆಗಿ ಇಟ್ಟೆ. ಮೂರನೆಯವರನ್ನು ಸೇರಿಸಿದರೆ ಗಾಯಕ್ಕೆ ಬೆಲೆಯೇ ಉಳಿಯುವುದಿಲ್ಲ. ಗಾಡಿಯ ಮೇಲೆ ಕೆಂಪು ಕ್ರಾಸ್ ಬಳಿಯಬೇಡಿ. ಅದು ಜಿನೀವಾ ಒಪ್ಪಂದಗಳು ಕಾಪಾಡುವ ಲಾಂಛನ. ಭಾರತದಲ್ಲೂ 1960ರ ಕಾಯ್ದೆ ಅದರ ಬೇಕಾಬಿಟ್ಟಿ ಬಳಕೆಯನ್ನು ತಡೆಯುತ್ತದೆ. ಹಸಿರು ಹಿನ್ನೆಲೆಯಲ್ಲಿ ಬಿಳಿ ಕ್ರಾಸ್ ಸಾಕು.

ಗಾಯಾಳು ತಕ್ಷಣ ಸಾಯದಿರಲು ಹ್ಯಾಂಡಲ್‌ಡ್ಯಾಮೇಜ್ ಎಂಬ ಹ್ಯಾಂಡ್ಲರ್‌ನಲ್ಲಿ (ಪೆಟ್ಟು ಬಿದ್ದಾಗ ತಾನಾಗಿ ಓಡುವ ಕೋಡ್) ಹಾನಿಯನ್ನು 0.95ಕ್ಕೆ ತಡೆದು (1 ಆದರೆ ಸಾವು), ಪ್ರಜ್ಞೆ ತಪ್ಪಿಸುವ ಸೆಟ್‌ಅನ್‌ಕಾನ್ಷಿಯಸ್ ಮತ್ತು ಎಐ (ಕಂಪ್ಯೂಟರ್ ನಡೆಸುವ ಸೈನಿಕರು) ಗುಂಡು ಹಾರಿಸದಂತೆ ಸೆರೆಯಾಳೆಂದು ಗುರುತಿಸುವ ಸೆಟ್‌ಕ್ಯಾಪ್ಟಿವ್ ಹಾಕಿದೆ. ಒಂದೇ ಗುಂಡಿಗೆ ದೇಹದ ಭಾಗವಾರು ಈ ಹ್ಯಾಂಡ್ಲರ್ ಹಲವು ಸಲ ಓಡುತ್ತದೆ. ಆದ್ದರಿಂದ ‘ಈಗಾಗಲೇ ಬಿದ್ದಿದ್ದಾನೆ’ ಎಂಬ ಗುರುತು ಮೊದಲೇ ಇರಲಿ. ಚಿಕಿತ್ಸೆಗೆ 10 ಸೆಕೆಂಡು ಕೀ ಒತ್ತಿಹಿಡಿಯುವ ಹೋಲ್ಡ್ ಆ್ಯಕ್ಷನ್, ಗಾಯಾಳು 2.5 ಮೀಟರ್ ಒಳಗಿರಬೇಕು, ಆತ ಯಾವ ಪಡೆಯವನೆಂದು ನೋಡುವುದೇ ಇಲ್ಲ. ಎಬ್ಬಿಸುವ ಆದೇಶಗಳನ್ನು ರಿಮೋಟ್‌ಎಕ್ಸೆಕ್ (ಬೇರೆ ಯಂತ್ರದಲ್ಲಿ ಆದೇಶ ಓಡಿಸುವ ಕಮಾಂಡ್) ಮೂಲಕ ಗಾಯಾಳುವಿನ ಯಂತ್ರದಲ್ಲೇ, ಅಂದರೆ ಆ ಆಟಗಾರನ ಕಂಪ್ಯೂಟರ್‌ನಲ್ಲೇ, ನಡೆಸಬೇಕು. ವೈದ್ಯರ ಯಂತ್ರದಲ್ಲಿ ನಡೆಸಿದರೆ ಆತ ಏಳುವುದಿಲ್ಲ. ಎದ್ದ ಮೇಲೆ ಸೆಟ್‌ಕ್ಯಾಪ್ಟಿವ್ ತೆಗೆಯಲು ಮರೆತರಂತೂ, ಎಐ ಸೈನಿಕರು ಅವನನ್ನು ಕಂಡೂ ಗುಂಡು ಹಾರಿಸುವುದಿಲ್ಲ.

ವೈದ್ಯರನ್ನು ಕೊಂದವರಿಗೆ ದಂಡ ಹಾಕುವ ಲೆಕ್ಕವೇ ಹೆಚ್ಚು ಹೊತ್ತು ತಿಂದದ್ದು. ಸತ್ತ ಯಾರ ‘ಸೈಡ್’ (ಪಡೆ) ಕೇಳಿದರೂ ಆರ್ಮಾ ‘ಸಿವಿಲಿಯನ್’ ಎನ್ನುತ್ತದೆ! ಅದನ್ನೇ ನಂಬಿದರೆ ಯುದ್ಧದಲ್ಲಿ ಬಿದ್ದ ಪ್ರತಿ ಸೈನಿಕನಿಗೂ ದಂಡ ಬೀಳುತ್ತದೆ. ಹಾಗಾಗಿ ಸ್ಪಾನ್ ಆದೊಡನೆ (ಆಟದಲ್ಲಿ ಮೂಡಿದೊಡನೆ) ವೈದ್ಯರಿಗೆ ಒಂದು ವೇರಿಯಬಲ್ (ಗುರುತು) ಅಂಟಿಸಿ, ಯಾರಾದರೂ ಸತ್ತಾಗ ಓಡುವ ಸರ್ವರ್‌ನ ಎಂಟಿಟಿಕಿಲ್ಡ್ ಹ್ಯಾಂಡ್ಲರ್‌ನಲ್ಲಿ ಅದನ್ನಷ್ಟೇ ನೋಡಿ. ಕೊಂದವನು ಯಾರೆಂದು ತಿಳಿಯಲು ‘ಇನ್‌ಸ್ಟಿಗೇಟರ್’ ಓದಿ. ಗಾಡಿ ಗುದ್ದಿ ಸತ್ತರೆ ಅದು ಖಾಲಿ ಬರುತ್ತದೆ. ಆಗ ಗಾಡಿಯ ಚಾಲಕನನ್ನು ಹಿಡಿಯಬೇಕು. ಆಟದ ಸ್ವಂತ ರೇಟಿಂಗ್ ವ್ಯವಸ್ಥೆಯನ್ನು ಹ್ಯಾಂಡಲ್‌ರೇಟಿಂಗ್‌ನಿಂದ ಕಟ್ಟಿಹಾಕಿ, ಇಲ್ಲದಿದ್ದರೆ ರೇಟಿಂಗ್ -2000ಕ್ಕಿಂತ ಕೆಳಗಿಳಿದವನ ಮೇಲೆ ಅವನದೇ ಪಡೆಯ ಎಐ ಗುಂಡು ಹಾರಿಸುತ್ತದೆ.

ಆದರೆ ತಾಟಸ್ಥ್ಯ ಕೆಡುವುದು ಗುಂಡಿನಿಂದಲ್ಲ, ಮಾತಿನಿಂದ. ಎರಡೂ ಪಡೆಗಳ ನಡುವೆ ಓಡಾಡುವ ವೈದ್ಯರಿಗಿಂತ ಒಳ್ಳೆಯ ಗೂಢಚಾರ ಬೇರಾರು? ಅದಕ್ಕೇ ಅವರ ಯಂತ್ರದಲ್ಲಿ ಎನೇಬಲ್‌ಚಾನೆಲ್ ಬಳಸಿ ಗ್ಲೋಬಲ್ (0), ಸೈಡ್ (1), ಕಮಾಂಡ್ (2) ಚಾನೆಲ್‌ಗಳನ್ನು ಮುಚ್ಚಿ, ಎದುರುಬದುರು ಮಾತಿನ ಡೈರೆಕ್ಟ್ (5) ತೆರೆದೇ ಬಿಟ್ಟೆ. ಗ್ಲೋಬಲ್ ಮುಚ್ಚಿದರೆ ಎಲ್ಲರಿಗೂ ಕಾಣುವಂತೆ ನಕ್ಷೆಯಲ್ಲಿ ಗುರುತು ಹಾಕುವ ದಾರಿಯೂ ಮುಚ್ಚುತ್ತದೆ. ಹೊರಗಿನ ವಾಯ್ಸ್ ಚಾಟ್ ತಡೆಯಲಾಗದು, ಅದಕ್ಕೆ ಅಂಕಗಳೇ ಮದ್ದು: ವೈದ್ಯರಿಗೆ ಎರಡೂ ಕಡೆಯ ಗಾಯಾಳುಗಳಿಗೆ ಸಮಾನ ಅಂಕ, ಮೇಲಾಗಿ ಎರಡೂ ಕಡೆಯಿಂದ ತಲಾ 3 ಜನರನ್ನು ಎಬ್ಬಿಸದೆ ಆಟದ ಕೊನೆಯ ಬೋನಸ್ ಇಲ್ಲ. ಒಂದು ಪಡೆಯನ್ನು ಹಾಳುಮಾಡಿದರೆ ವೈದ್ಯರಿಗೇ ನಷ್ಟ.

ಆಯುಧ ಎತ್ತಿಕೊಂಡರೆ ‘ಟೇಕ್’ ಹ್ಯಾಂಡ್ಲರ್‌ಗೆ ಗೊತ್ತಾಗುತ್ತದೆ. ತಕ್ಷಣ ರಕ್ಷಣೆ ಕಿತ್ತುಕೊಳ್ಳದೆ, 15 ಸೆಕೆಂಡಿನ ಎಚ್ಚರಿಕೆ ಕೊಡುತ್ತೇನೆ. 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 13ನೇ ವಿಧಿಯೂ ನಾಗರಿಕ ವೈದ್ಯಕೀಯ ಘಟಕಗಳ ವಿಷಯದಲ್ಲಿ ಮೊದಲು ಎಚ್ಚರಿಸಿ ಎನ್ನುತ್ತದೆ. ಸಶಸ್ತ್ರ ಸೈನಿಕ ಆಂಬುಲೆನ್ಸ್ ಏರಿದರೆ ‘ಗೆಟ್‌ಇನ್’ನಲ್ಲೇ ಹೊರಹಾಕಿ, ಅವನು ಒಳಗಿದ್ದಾಗ ಎದುರಾಳಿ ಎಐ ಗಾಡಿಯತ್ತ ಗುಂಡು ಹಾರಿಸಿದರೆ ವೈದ್ಯರೂ ಸಾಯಬಹುದು. ವೈದ್ಯರನ್ನು ಗುರಾಣಿಯಾಗಿ ಬಳಸುವವರೂ ಇದ್ದಾರೆ. ಹಾಗಾಗಿ ಸತ್ತ ವೈದ್ಯರ 5 ಮೀಟರ್ ಒಳಗೆ ಕೊಂದವನ ಎದುರಾಳಿ ಪಡೆಯ ಸಶಸ್ತ್ರ ಸೈನಿಕನಿದ್ದರೆ ಕೊಂದವನಿಗೆ ಅರ್ಧ ದಂಡ ಮಾತ್ರ.

ಪರೀಕ್ಷೆಯನ್ನು ಡೆಡಿಕೇಟೆಡ್ ಸರ್ವರ್ (ಯಾರೂ ಆಡದ, ಸರ್ವರ್ ಮಾತ್ರವಾದ ಯಂತ್ರ) ಮತ್ತು ಕನಿಷ್ಠ ಎರಡು ಕ್ಲೈಂಟ್ (ಆಟಗಾರರ ಯಂತ್ರ) ಇಟ್ಟೇ ಮಾಡಿ. ಎಡಿಟರ್‌ನಿಂದ ಹೋಸ್ಟ್ ಮಾಡಿ ಒಬ್ಬರೇ ಆಡಿದರೆ ಎಲ್ಲವೂ ಅದೇ ಯಂತ್ರದಲ್ಲಿ ನಡೆಯುವುದರಿಂದ, ರಿಮೋಟ್‌ಎಕ್ಸೆಕ್ ಬಿಟ್ಟುಹೋದದ್ದು ಕಣ್ಣಿಗೇ ಬೀಳುವುದಿಲ್ಲ.